ಪವಾಯಿ ಕೆರೆಯವರೆಗೆ

ನಾನು ಓದಿದ್ದು ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಊಟಕ್ಕೆ ಕೂರುವ ವಿದ್ಯಾರ್ಥಿನಿಲಯದಲ್ಲಿ. ಮೈಸೂರು ಬಿಟ್ಟು ಮುಂಬಯಿಗೆ ಬಂದ ಮೇಲೂ ಆ ಶಿಸ್ತು ನನ್ನನ್ನು ಬಿಡಲಿಲ್ಲ. ಅಂಧೇರಿಯಿಂದ ಚರ್ಚ್‌ಗೇಟಿಗೆ ದಿನವೂ ಅದೇ ಲೋಕಲ್ ರೈಲು, ಅದೇ ಬೋಗಿ, ಅದೇ ಬಾಗಿಲು. ಎಂಬತ್ತರ ದಶಕದ ಕೊನೆಯಲ್ಲಿ ಒಂದು ಬೆಳಿಗ್ಗೆ ಆ ಗಾಡಿ ಬಂದು ನಿಂತಾಗ ನನ್ನ ಕಾಲು ಏಳಲಿಲ್ಲ. ಎದೆ ಡವಗುಟ್ಟುತ್ತಿತ್ತು, ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಆ ಗಾಡಿ ಹೋಯಿತು, ಮುಂದಿನದೂ ಹೋಯಿತು. ಮನೆಗೆ ಹಿಂದಿರುಗಿದೆ. ಮರುದಿನವೂ ಹಾಗೇ ಆಯಿತು.

ಇಂಥದ್ದಕ್ಕೆ ಈಗ ಬರ್ನ್‌ಔಟ್ ಎನ್ನುತ್ತಾರೆ. ಆಗ ನಮ್ಮ ಕಚೇರಿಗೆ ಗೊತ್ತಿದ್ದದ್ದು ಜ್ವರ, ಇಲ್ಲವೇ ಮೈಗಳ್ಳತನ. ಇಬ್ಬರ ಕೆಲಸವನ್ನು ನಾನೊಬ್ಬನೇ ವರ್ಷಗಟ್ಟಲೆ ಹೊತ್ತಿದ್ದೆ. ಭಾನುವಾರವೂ ಫೈಲುಗಳು ನನ್ನ ಜೊತೆ ಮನೆಯಲ್ಲೇ ಇರುತ್ತಿದ್ದವು. ಎದೆಯಲ್ಲಿ ಯಾವ ದೋಷವೂ ಇಲ್ಲವೆಂದ ಡಾಕ್ಟರು ರಜೆ ಬರೆದುಕೊಟ್ಟು, ಬೆಳಿಗ್ಗೆ ನಡೆಯಿರಿ, ಆಗುವುದಾದರೆ ಓಡಿ ಎಂದರು. ರಜೆ ಮುಗಿಯುವುದರೊಳಗೆ ನಾನು ಮತ್ತೆ ಗಾಡಿ ಹತ್ತಬಲ್ಲೆನೇ? ಹತ್ತಲಾಗದಿದ್ದರೆ ಕೆಲಸ ಉಳಿಯುವುದಿಲ್ಲ. ಇದನ್ನು ನಾನಾಗಲಿ ನನ್ನ ಹೆಂಡತಿಯಾಗಲಿ ಬಾಯಿಬಿಟ್ಟು ಆಡಲಿಲ್ಲ.

ಕ್ಯಾನ್ವಾಸ್ ಶೂ ಹಾಕಿಕೊಂಡು ಮರೋಲ್ ಕಡೆಗೆ ಓಡಿದೆ. ನನಗೆ ಬರುತ್ತಿದ್ದದ್ದು ಒಂದೇ ಬಗೆಯ ಓಟ: ಹೊರಡಲಿರುವ ಗಾಡಿ ಹಿಡಿಯುವ ಓಟ. ಎಡ ಮೊಣಕೈ ಮುಂದೆ. ಬ್ಯಾಗು ಇಲ್ಲದಿದ್ದರೂ ಬಲಗೈ ಎದೆಗೆ ಒತ್ತಿಕೊಂಡಿತ್ತು. ಒಂದು ಪ್ಲಾಟ್‌ಫಾರ್ಮಿನಷ್ಟು ದೂರ ಹೋಗುವಷ್ಟರಲ್ಲಿ ಉಸಿರು ಮುಗಿದು, ಒಂದು ಹೋಟೆಲಿನ ಮುಂದೆ ಬಗ್ಗಿ ನಿಂತೆ. ಉಡುಪಿ ಕಡೆಯ ಯಜಮಾನರು ಶಟರ್ ಎತ್ತುತ್ತಿದ್ದರು.

“ಎಂತ ಸಾರ್, ಗಾಡಿ ತಪ್ಪಿತಾ?”

“ಇಲ್ಲ, ವ್ಯಾಯಾಮ.”

“ಹೌದಾ ಮಾರಾಯ್ರೆ? ಸ್ಟೇಷನ್ ಆ ಕಡೆ ಉಂಟು ಅಂತ ಹೇಳ್ಲಿಕ್ಕೆ ಹೊರಟಿದ್ದೆ. ಕೂತ್ಕೊಳ್ಳಿ, ಉಸಿರು ಬರ್ಲಿ. ಚಾ ಆಮೇಲೆ.”

ವಾರವೆಲ್ಲ ಇದೇ ಪಾಡು. ಕೊನೆಗೆ ಹೆಂಡತಿಗೆ ಭಯವಾಗಿ, ಚಪ್ಪಲಿ ಮೆಟ್ಟಿಕೊಂಡು ನನ್ನ ಹಿಂದೆಯೇ ಹೊರಟಳು. ನಾನು ರಭಸದಿಂದ ಓಡಿ ಕಾಂಪೌಂಡಿಗೆ ಒರಗಿ ಏದುಸಿರು ಬಿಡುವಷ್ಟರಲ್ಲಿ ಅವಳು ನಡೆದುಕೊಂಡೇ ಬಂದು ಸೇರುತ್ತಿದ್ದಳು. ಮತ್ತೆ ಓಡುತ್ತಿದ್ದೆ, ಮತ್ತೆ ಬಂದು ಸೇರುತ್ತಿದ್ದಳು.

“ರೀ, ನೀವು ಇಷ್ಟೊತ್ತು ಓಡಿದ್ರಿ, ನಾನು ನಡೆದೆ. ಇಬ್ರೂ ಒಂದೇ ಕಡೆ ನಿಂತಿದೀವಲ್ಲ.”

“ಓಟ ಅಂದ್ಮೇಲೆ ಜೋರಾಗೇ ಓಡ್ಬೇಕು.”

“ಯಾವ ಗಾಡಿ ಬಂದು ನಿಂತಿದೆ ನಿಮಗೆ? ನನ್ನ ಜೊತೆ ಮಾತಾಡ್ತಾ ಓಡಿ, ನೋಡೋಣ. ಮಾತು ನಿಂತ್ರೆ ನೀವು ಸೋತ ಹಾಗೆ.”

ಹೀಗೆಂದು ಅವಳು ಮಹಡಿ ಮೇಲಿನವರ ರೇಡಿಯೋ, ನೀರು ಬಾರದ ನಲ್ಲಿ, ತಂಗಿಯ ಮಗಳಿಗೆ ನೋಡಿದ್ದ ಗಂಡಿನ ಮೂಗು ಎಂದು ಒಂದೊಂದಾಗಿ ತೆಗೆದಳು. ಅವಳ ನಡಿಗೆಯ ವೇಗದಲ್ಲೇ ಕಾಲೆತ್ತಿ ಹಾಕುತ್ತ ಉತ್ತರ ಕೊಡುತ್ತಾ ಹೋದೆ. ಸೈಕಲ್ಲಿನ ಹಾಲಿನವನು ತಿರುಗಿ ತಿರುಗಿ ನೋಡಿದ. ನಾಚಿಕೆಯಾಯಿತು. ಆದರೆ ಹೋಟೆಲು ಹಿಂದೆ ಉಳಿಯಿತು, ಮರೋಲಿನ ನಾಲ್ಕುರಸ್ತೆಯ ನಾಕಾ ಹಿಂದೆ ಉಳಿಯಿತು, ಮೂಗಿನ ವಿಚಾರ ಇನ್ನೂ ಮುಗಿದಿರಲಿಲ್ಲ. ನಾನು ನಿಂತಿರಲಿಲ್ಲ. ಓಟಕ್ಕೆ ಹೀಗೂ ಒಂದು ರೀತಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನಂಥವನಿಗೆ ನಿಯಮವೊಂದು ಸಿಕ್ಕರೆ ಸಾಕು. ಅವಳು ಬಾರದ ದಿನ ಮಗ್ಗಿ ಹೇಳಿಕೊಂಡು ಓಡಿದೆ. ಮಗ್ಗಿ ತಪ್ಪಿದರೆ ವೇಗ ಇಳಿಸುವುದು. ಸಾಕಿನಾಕಾ ದಾಟಿದೆ. ಕಾರ್ಖಾನೆಗಳ ಸಾಲು ಹಿಡಿದೆ. ರಜೆಯ ಕೊನೆಯ ವಾರ, ಚಳಿ ಬಿದ್ದಿದ್ದ ಒಂದು ಬೆಳಿಗ್ಗೆ, ಗೋಡೆಗಳ ಸಾಲು ಮುಗಿದು ಪವಾಯಿ ಕೆರೆ ಕಾಣಿಸಿತು.

ಇಷ್ಟು ವರ್ಷ ಈ ಊರಿನಲ್ಲಿದ್ದೂ ಇಷ್ಟು ನೀರು ಒಂದೆಡೆ ಸುಮ್ಮನೆ ನಿಂತಿರುವುದನ್ನು ನಾನು ನೋಡಿರಲಿಲ್ಲ. ಆಚೆ ಗುಡ್ಡಗಳಿದ್ದವು. ದಡದಲ್ಲಿ ಗಾಳ ಹಾಕಿದವರು ಮಾತಿಲ್ಲದೆ ಕುಳಿತಿದ್ದರು. ಒಬ್ಬರ ಕೈಯಲ್ಲೂ ಗಡಿಯಾರವಿರಲಿಲ್ಲ. ಬಸ್ಸಿಲ್ಲದೆ, ರಿಕ್ಷಾ ಇಲ್ಲದೆ ನನ್ನ ಕಾಲೇ ನನ್ನನ್ನು ಇಲ್ಲಿಗೆ ತಂದು ನಿಲ್ಲಿಸಿತ್ತು.

ಎದೆಯ ಮೇಲೆ ಕೈಯಿಟ್ಟೆ. ಅದೇ ಡವಡವ, ಅದೇ ಒದ್ದೆ ಅಂಗಿ. ಪ್ಲಾಟ್‌ಫಾರ್ಮಿನ ಮೇಲೆ ನನ್ನನ್ನು ಕಲ್ಲಾಗಿಸಿದ್ದ ಎಲ್ಲವೂ ಹಾಗೇ ಇತ್ತು, ಭಯ ಮಾತ್ರ ಇರಲಿಲ್ಲ. ಮುಷ್ಟಿಯಷ್ಟು ಮಾಂಸ, ನಾನು ಹುಟ್ಟುವ ಮೊದಲೇ ಕೆಲಸಕ್ಕೆ ಹಾಜರಾಗಿ, ಒಂದು ದಿನವೂ ರಜೆ ಹಾಕದೆ, ಈಗಲೂ ಕೇಳಿದಷ್ಟನ್ನು ಕೊಡುತ್ತಿದೆ. ಇದರ ಸದ್ದಿಗೇ ನಾನು ಹೆದರಿದ್ದೆನಲ್ಲ ಎನಿಸಿ, ಕೆರೆಯನ್ನು ಮರೆತು ನನ್ನ ಎದೆಯನ್ನೇ ಬೆರಗಿನಿಂದ ಕೇಳುತ್ತ ನಿಂತೆ.

ರಜೆ ಮುಗಿದ ಸೋಮವಾರ ಅಂಧೇರಿ ಸ್ಟೇಷನ್ನಿನಲ್ಲಿ ಗಾಡಿ ಕಾಣಿಸುತ್ತಲೇ ಎದೆ ತನ್ನ ಡವಡವ ಶುರು ಮಾಡಿತು. ಮಾಡಿಕೊಳ್ಳಲಿ ಎಂದು ಬಿಟ್ಟೆ. ಹಿಂದಿನವರು ತಳ್ಳಿದರು, ಒಳಗಿದ್ದೆ. ದಿನವೂ ಅದೇ ಬಾಗಿಲಲ್ಲಿ ನಿಲ್ಲುತ್ತಿದ್ದ ಮರಾಠಿಯವರೊಬ್ಬರು ಜಾಗ ಮಾಡಿಕೊಟ್ಟರು.

“ಕಾಯ್ ಸಾಹೇಬ, ಬಹುತ್ ದಿನ್ ಬಾದ್? ಬಿಮಾರ್ ಥೇ?”

ಹೌದು, ಕಾಯಿಲೆಯಾಗಿತ್ತು ಎಂದೆ, ಈಗ ಪವಾಯಿವರೆಗೆ ಹೋಗಿಬರುತ್ತೇನೆ ಎಂದೂ ಸೇರಿಸಿದೆ.

“ಪವಾಯಿ? ಕೌನ್ಸೀ ಬಸ್?”

ಬಸ್ಸಿನಲ್ಲಲ್ಲ, ಓಡಿಕೊಂಡು ಎಂದರೆ ಅವರು ನಂಬಲಿಲ್ಲ. ಪಕ್ಕದವರನ್ನು ಕರೆದು ತೋರಿಸಿದರು. ಆ ನಗುವಿನ ನಡುವೆ ಬಾಂದ್ರಾ ಬಂದದ್ದು ನನಗೆ ತಿಳಿಯಲಿಲ್ಲ. ಎದೆ ಯಾವಾಗ ನಿಧಾನಕ್ಕೆ ಬಂದಿತ್ತೋ, ಅದೂ ತಿಳಿಯಲಿಲ್ಲ.