ಮೊದಲ ಟೊಮೆಟೊ, ಕೊನೆಯ ಟೊಮೆಟೊ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮತ್ತೆ ನನ್ನ ಕೈಯಿಂದ ಟೊಮೆಟೊ ಕಿತ್ತುಕೊಂಡರು. ಈ ಮಳೆಗೆ ತಾರಸಿಯ ಗಿಡಗಳ ಎಲೆ ಮುರುಟಿ, ಹೂವೆಲ್ಲ ಉದುರಿ, ಉಳಿದಿದ್ದೇ ಆ ಒಂದು ಹಣ್ಣು. ಸಾರಿಗೆ ಹೆಚ್ಚಬೇಕೆಂದಿದ್ದೆ.

"ಮೊದಲ್ನೇ ಹಣ್ಣು ಮನೆಯೋರು ತಿನ್ನಬಾರ್ದು. ಪಕ್ಕದ ಮನೆಗೆ ಕೊಟ್ಟು ಬಾ."

"ಅತ್ತೆ, ಕೊನೇದೂ ಇದೇ!"

"ಇರ್ಲಿ. ಮೊದಲ್ನೇದು ಹೌದಲ್ಲ?"

ಬಟ್ಟಲಲ್ಲಿಟ್ಟು ಪಕ್ಕದ ಮನೆಯ ಗೌರಕ್ಕನಿಗೆ ಕೊಟ್ಟು ಬಂದೆ. ಹೊಟ್ಟೆ ಉರಿಯಿತು. ಆದರೆ ಬಂದ ಬಟ್ಟಲನ್ನು ಖಾಲಿ ಕಳಿಸುವ ಪದ್ಧತಿ ನಮ್ಮ ಶಿಕಾರಿಪುರದಲ್ಲಿ ಇಲ್ಲವಲ್ಲ! ಮಧ್ಯಾಹ್ನ ಗೌರಕ್ಕ ಅದರ ತುಂಬ ಸಾರು ಹಿಡಿದು ಬಾಗಿಲಿಗೆ ಬಂದರು.

"ನಿಮ್ಮನೆ ಹಣ್ಣಿಂದೇ ಸಾರು ರೀ!" ಎಂದು ಒಳಗೆ ಕೇಳುವಂತೆ ಕೂಗಿ, ನನ್ನ ಕಿವಿಯಲ್ಲಿ ಮೆಲ್ಲಗೆ, "ಒಂದ್ರಲ್ಲಿ ಹುಳಿನೇ ಬರ್ಲಿಲ್ಲ, ಸಂತೆವು ನಾಲ್ಕು ಹಾಕೀನಿ" ಎಂದರು.

ಪಕ್ಕದ ಮನೆಯಿಂದ ಬಂದಿದ್ದಕ್ಕೆ ದೋಷವಿಲ್ಲವಂತೆ. ಅತ್ತೆ ಮೊದಲ ತುತ್ತಿಗೇ ಕಣ್ಣರಳಿಸಿದರು.

"ನೋಡು, ಮನೇಲಿ ಬೆಳೆದ ಹಣ್ಣಿನ ರುಚಿನೇ ಬ್ಯಾರೆ!"

ನಾನು ಹೌದೆನ್ನುತ್ತ ಇನ್ನೊಂದು ಸೌಟು ಬಡಿಸಿದೆ.

ನಿಮ್ಮಲ್ಲಿ ಯಾರಾದರೂ ಈ ಪೋಸ್ಟನ್ನು ಅತ್ತೆಗೆ ತೋರಿಸಿದಿರೋ, ಮುಂದಿನ ವರ್ಷದ ಮೊದಲ ಹಣ್ಣು ನಿಮ್ಮ ಮನೆಗಂತೂ ಬರುವುದಿಲ್ಲ.