ಕೇಣಿ ದಂಡೆಯಲ್ಲಿ ಕನ್ನಡಿ ಇಡುವ ದುರ್ಗಕ್ಕ

ಬೆಳಗಿನ ಆರು ಗಂಟೆ. ಅಂಕೋಲೆಯ ಕೇಣಿ ದಂಡೆಗೆ ದೋಣಿಗಳು ಆಗಷ್ಟೇ ಬಂದಿವೆ. ಬಂಗಡೆಯ ಹರಾಜು ಜೋರಾಗಿದೆ. ಆ ಗದ್ದಲದಿಂದ ತುಸು ಆಚೆ, ಬೋರಲು ಹಾಕಿದ ಮೀನುಬುಟ್ಟಿಯ ಮೇಲೆ ದುರ್ಗಾ ಹರಿಕಂತ್ರ ಒಂದು ಹಲಗೆ ಇಡುತ್ತಾರೆ. ಹಲಗೆಯ ಮೇಲೆ ನಕ್ಷತ್ರದ ಚಿತ್ರ, ಎದುರಿಗೆ ಕನ್ನಡಿ, ಕೈ ಕಾಣದಂತೆ ಮರೆಮಾಡುವ ತಗಡು. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಜೋಡಿಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಕೇಳುವುದಕ್ಕೆ ಸುಲಭ. ಆದರೆ ಕೈ ಮೇಲೆ ಹೋದರೆ ಕನ್ನಡಿಯಲ್ಲಿ ಕೆಳಗೆ ಹೋದಂತೆ ಕಾಣುತ್ತದೆ. ಎಂಥವರೂ ಮೊದಲ ಸಲ ಮೂಲೆಯಲ್ಲಿ ಸಿಕ್ಕಿಬಿದ್ದು ಒದ್ದಾಡುತ್ತಾರೆ.

‘ಬಾ ತಂಗಿ, ಕೂತ್ಕೊ. ಹೆದರೂದು ಎಂತಕ್ಕೆ? ಇದ್ರಲ್ಲಿ ತಪ್ಪೂದೇ ಮೊದಲ ಪಾಠ’ ಎಂದು ದುರ್ಗಕ್ಕ ಕರೆಯುತ್ತಾರೆ. ಆಗಲೇ ನಾಲ್ಕೈದು ಹೆಂಗಸರು ಸುತ್ತ ನೆರೆದಿದ್ದಾರೆ.

ನಲವತ್ತೇಳರ ದುರ್ಗಕ್ಕ ಕಾರವಾರದ ಕಾಲೇಜೊಂದರ ಮನಃಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಹುಟ್ಟಿದ್ದು ಇದೇ ಕೇಣಿಯಲ್ಲಿ, ಓದಿದ್ದು ಏಳನೆಯವರೆಗೆ. ಮದುವೆಯಾದ ಮೇಲೂ ಐಸ್ ಫ್ಯಾಕ್ಟರಿಯಲ್ಲಿ ಮಂಜುಗಡ್ಡೆ ಹೊತ್ತರು. ಬೆನ್ನುಮೂಳೆ ಸವೆದು ಭಾರ ಎತ್ತುವುದು ಆಗದೆಂದಾದಾಗ ಕಾಲೇಜಿನ ಈ ಹಂಗಾಮಿ ಕೆಲಸ ಸಿಕ್ಕಿತು. ಹದಿನಾಲ್ಕು ವರ್ಷವಾದರೂ ಅದು ಹಂಗಾಮಿಯೇ. ದಿನವೂ ಬಸ್ಸಿನಲ್ಲಿ ಹೋಗಿ ಬಾಗಿಲು ತೆರೆಯುತ್ತಾರೆ, ಕನ್ನಡಿ ಒರೆಸುತ್ತಾರೆ, ಬುದ್ಧಿಶಕ್ತಿ ಪರೀಕ್ಷೆಯ ಮರದ ತುಂಡುಗಳನ್ನು ಜೋಡಿಸಿಡುತ್ತಾರೆ.

‘ಮೊದ್ಲು ನನ್ಗೆ ಇದೆಲ್ಲ ಮಕ್ಕಳಾಟ ಅನಿಸ್ತಿತ್ತು. ಪಾಠ ಕಿವಿಗೆ ಬಿದ್ದಾಂಗೆ, ಇದು ನಮ್ಮನೆ ಕತೆನೇ ಹೌದಲ್ಲ ಅಂತಾಯ್ತು’ ಎಂದು ನಗುತ್ತಾರೆ.

ಎರಡು ವರ್ಷದ ಹಿಂದೆ ಆ ಬಾಗಿಲೇ ಮುಚ್ಚುವ ಹೊತ್ತು ಬಂದಿತ್ತು. ಮನಃಶಾಸ್ತ್ರಕ್ಕೆ ಸೇರುವವರು ಕಡಿಮೆಯಾಗುತ್ತ ಬಂದು, ಆ ವರ್ಷ ತರಗತಿಯಲ್ಲಿ ಉಳಿದದ್ದು ಆರೇ ಜನ. ಮುಂದಿನ ಜೂನ್‌ನಲ್ಲೂ ಹೀಗೇ ಆದರೆ ವಿಷಯವನ್ನೇ ನಿಲ್ಲಿಸುವುದೆಂದು ಆಡಳಿತ ಮಂಡಳಿ ಹೇಳಿತು. ಉಪನ್ಯಾಸಕ ಶಾಂತಾರಾಮ ನಾಯಕರು ಕೈಚೆಲ್ಲಿ ಕೂತಾಗ ದುರ್ಗಕ್ಕನೇ ಕೇಳಿದರು: ‘ಸರ್, ಜನ ಇಲ್ಲಿಗೆ ಬರೂದಿಲ್ಲ ಅಂದ್ರೆ ಇದ್ನೇ ಜನರ ಹತ್ರ ಒಯ್ದ್ರೆ ಆಗೂದಿಲ್ವಾ? ನಮ್ಮ ದಂಡೆಗೆ ಬನ್ನಿ.’

ಅವರು ಅನುಮಾನದಿಂದಲೇ ಒಪ್ಪಿದರು. ಮುಂದಿನ ಭಾನುವಾರ ಇಬ್ಬರೂ ದಂಡೆಯಲ್ಲಿದ್ದರು.

ಮೊದಲು ಕೂತದ್ದು ಮೀನು ಮಾರುವ ನೀಲಾ. ಕೂರುವ ಮುಂಚೆಯೇ, ‘ನಮ್ಗೆಲ್ಲಿ ಬುದ್ಧಿ ಅದೆ? ಸಾಲಿಗೆ ಹೋದೋರು ಮಾಡೂದು ಇದು’ ಎಂದರು. ಬದಿಯಲ್ಲಿ ನಿಂತ ಗಂಡ ರಾಜೀವ ಬೋಟಿನ ಡ್ರೈವರ್. ‘ಹೆಂಗಸ್ರ ಕೈ ಅಳ್ಳಾಡ್ತದೆ. ಸರಿ, ನಾ ತೋರಿಸ್ತೆ’ ಎಂದು ಮುಂದೆ ಬಂದ. ಸಮುದ್ರದಲ್ಲಿ ಗಾಳಿ ನೋಡಿ ದಾರಿ ಹಿಡಿಯುವ ಆಳು, ನಕ್ಷತ್ರದ ಮೊದಲ ಮೂಲೆಯಲ್ಲೇ ಗೆರೆ ದಾಟಿ ಹೊರಗೆ ಹೋದ. ದಂಡೆಯೆಲ್ಲ ನಕ್ಕಿತು.

ಆಮೇಲೆ ನೀಲಾ ಕೂತರು. ಮೊದಲ ಸಲ ಅವರದ್ದೂ ಅದೇ ಪಾಡು. ಎರಡನೇ ಸಲ ತುಸು ಮುಂದೆ ಹೋದರು. ಮೂರನೆಯದಕ್ಕೆ ಸುತ್ತಲಿನವರು ಬುಟ್ಟಿ ಕೆಳಗಿಟ್ಟು ಹತ್ತಿರ ಸರಿದರು. ನಾಲ್ಕನೇ ಸಲ ಪೆನ್ಸಿಲ್ ಪೂರ್ತಿ ಸುತ್ತು ಹಾಕಿ ಹೊರಟಲ್ಲಿಗೇ ಬಂದು ನಿಂತಿತು. ಯಾವಾಗಲೂ ತಗ್ಗಿದ ದನಿಯ ನೀಲಾ ಹರಾಜಿನ ಕೂಗನ್ನೂ ಮೀರಿಸಿ ಕೇಕೆ ಹಾಕಿದರು. ಸದಾ ಬಾಯಿ ಮಾಡುವ ರಾಜೀವ ಸದ್ದಿಲ್ಲದೆ ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತ.

ಶಾಂತಾರಾಮ ಸರ್‌ಗೆ ಅಲ್ಲೇ ಪಾಠ ಸಿಕ್ಕಿತು. ‘ಇದು ಗಂಡು ಹೆಣ್ಣು ಯಾರು ಜಾಣರು ಅಂತ ಅಳೆಯೂದಲ್ಲ. ಯಾರೇ ಆದ್ರೂ ಕಲೀತಾ ಹೋದ್ರೆ ತಪ್ಪು ಕಡಿಮೆಯಾಗ್ತದೆ, ಅದನ್ನ ತೋರಿಸೂದು’ ಎಂದು ಜನರಿಗೆ ಹೇಳಿದರು. ‘ರಾಜೀವ ಯಾಕೆ ತಿರುಗಿ ಸಾಲಿನಲ್ಲಿ ನಿಂತ? ಬಹುಮಾನ ಇಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಒಳಗಿಂದ ಬರುವ ಆ ಹಟಕ್ಕೆ ನಾವು ಪ್ರೇರಣೆ ಅಂತೇವೆ. ಇನ್ನು ನೀಲಾ ಮೆತ್ತಗಿನ ಸ್ವಭಾವದವಳು ಅಂತ ನೀವೆಲ್ಲ ಅಂದ್ಕೊಂಡಿದ್ರಲ್ಲ? ಮನುಷ್ಯರ ಸ್ವಭಾವ ಅಷ್ಟು ಸಣ್ಣ ಡಬ್ಬಿಯಲ್ಲಿ ಹಿಡಿಯೂದಿಲ್ಲ.’

ನೀಲಾರ ಮಗಳು ಪ್ರಗತಿ ಆಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಸಾಕು, ಇನ್ನು ಮನೆ ನೋಡಿಕೊಳ್ಳಲಿ ಎಂದು ರಾಜೀವ ನಿರ್ಧರಿಸಿಯಾಗಿತ್ತು. ಅಂದು ಮನೆ ತಲುಪುವ ಮುಂಚೆಯೇ ನೀಲಾ, ‘ನಮ್ಮ ಹುಡ್ಗಿ ಓದ್ತದೆ. ಬುಟ್ಟಿ ನಾ ಹೊರ್ತೆ’ ಎಂದರು.

ದಂಡೆಯ ಸುದ್ದಿ ಊರೂರು ದಾಟಿತು. ದುರ್ಗಕ್ಕ ಬಿಣಗಾದ ಕಾರ್ಮಿಕರ ಮನೆಗಳತ್ತ ಹೋದರು, ಬಸ್ಸು ಬದಲಿಸಿ ಹಿಲ್ಲೂರಿಗೂ ಕನ್ನಡಿ ಒಯ್ದರು. ಬೆನ್ನು ನೋವಿಗೆ ಬೆಲ್ಟ್ ಬಿಗಿದುಕೊಂಡೇ ತಿರುಗಿದರು. ಜೂನ್‌ನಲ್ಲಿ ಮನಃಶಾಸ್ತ್ರಕ್ಕೆ ಸೇರಿದವರು ಮೂವತ್ತೊಂದು ಜನ; ಪ್ರಗತಿಯೂ ಅವರಲ್ಲಿ ಒಬ್ಬಳು. ಬೆಂಚು ಸಾಲದೆ ಪಕ್ಕದ ಕೋಣೆಯಿಂದ ತರಬೇಕಾಯಿತು. ಹಾಗೆ ಬೆಂಚು ಹೊತ್ತು ತಂದವರಲ್ಲಿ ಶಾಂತಾರಾಮ ಸರ್ ಕೂಡ ಒಬ್ಬರು.

ಈ ಸಲದ ಪ್ರಾಯೋಗಿಕ ಪರೀಕ್ಷೆಯ ದಿನ ಪ್ರಗತಿಯ ಎದುರಿನ ಕುರ್ಚಿ ಖಾಲಿ ಉಳಿಯಿತು. ಅವಳಿಗೆ ಬಂದದ್ದು ಕನ್ನಡಿಯ ಪ್ರಯೋಗ; ಅದಕ್ಕೆ ಕೂರಬೇಕಾಗಿದ್ದ ಗೆಳತಿಗೆ ಜ್ವರ. ಬೇರೆ ಯಾರಿದ್ದಾರೆ ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು. ಪ್ರಗತಿ ಬಾಗಿಲ ಬಳಿ ನಿಂತವರತ್ತ ನೋಡಿದಳು.

‘ದುರ್ಗಕ್ಕ, ನೀ ಕೂತ್ಕೊಳ್ತ್ಯಾ?’

‘ಇವರಿಗೆ ಇದು ಅಭ್ಯಾಸವಾಗಿರಬೇಕಲ್ಲ?’ ಪರೀಕ್ಷಕರು ಸಂಶಯಪಟ್ಟರು.

‘ಇಲ್ಲ ಮೇಡಂ. ಕನ್ನಡಿ ಒರೆಸಿದ್ದೆ, ಪೆನ್ಸಿಲ್ ಚೂಪು ಮಾಡಿದ್ದೆ. ದಂಡೆಲಿ ಬೇರೆಯವ್ರನ್ನ ಕೂರ್ಸಿದ್ದೆ. ನಾ ಕೂತದ್ದು ಇಲ್ಲ. ಇಲ್ಲಿದ್ದು ಓದೂ ಮಕ್ಕಳ ಕುರ್ಚಿ’ ಎಂದರು ದುರ್ಗಕ್ಕ.

ಅಂದು ಕೂತರು. ಮೊದಲ ಮೂಲೆಯಲ್ಲಿ ಗೆರೆ ಅಂಕುಡೊಂಕಾಯಿತು. ಪ್ರಗತಿ ಗಡಿಯಾರ ಹಿಡಿದು ‘ನಿಧಾನ ಮಾಡು’ ಎಂದಳು. ಸಲದಿಂದ ಸಲಕ್ಕೆ ತಪ್ಪು ಇಳಿಯಿತು. ಕೊನೆಯ ಸುತ್ತು ಮುಗಿದಾಗ ಪರೀಕ್ಷಕರೂ ಕುರ್ಚಿಯಿಂದ ಎದ್ದು ಬಗ್ಗಿ ನೋಡುತ್ತಿದ್ದರು.

ನಿಮಗಿನ್ನು ಏನಾಗಬೇಕು ಎಂದು ಕೇಳಿದರೆ ದುರ್ಗಕ್ಕ ಕೆಲಸ ಕಾಯಂ ಆಗುವ ಮಾತೆತ್ತುವುದಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಪರೀಕ್ಷೆಯ ದಿನದ ಮಾತನ್ನೇ ಹೇಳುತ್ತಾರೆ:

‘ಪ್ರಯೋಗದ ಹಾಳೆಲಿ ಕೂತವ್ರ ಹೆಸರು ಬರ್ಯೂದಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಉದ್ಯೋಗ, ಅಷ್ಟೇ. ಉದ್ಯೋಗ ಎಂತ ಬರೀಲಿ ಅಂತ ಪ್ರಗತಿ ಕೇಳ್ತು. ನನ್ನ ಹತ್ರ ಯಾರೂ ಅದ್ನ ಕೇಳಿರ್ಲಿಲ್ಲ. ಮನಃಶಾಸ್ತ್ರದ ಕೆಲ್ಸ ಅಂದೆ. ಸರ್ ಅಲ್ಲೇ ಇದ್ರು, ಬೇಡ ಅನ್ಲಿಲ್ಲ.’