ಕಾಲುಗಂಟೆ ಮೇಡಂ ಮತ್ತು ನಮ್ಮ ಹೊಸ ಭಾಷೆ

ಕಂಪ್ಯೂಟರ್ ಶಿಕ್ಷಣವೆಂದ ಕೂಡಲೇ ದೊಡ್ಡ ಪದವಿಗಳನ್ನೂ ಗಾಜಿನ ಕಟ್ಟಡಗಳನ್ನೂ ನೆನೆಯುವವರೇ ಹೆಚ್ಚು. ಆದರೆ ಹಗಲೆಲ್ಲ ದುಡಿದು, ಸಂಜೆ ಐದೂವರೆಗೆ ಮುಖ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕೂರುವ ದರ್ಜಿಗೂ ನರ್ಸಿಗೂ ಅಂಗಡಿಯ ಗುಮಾಸ್ತನಿಗೂ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕೈಹಿಡಿದು ಕಲಿಸುವುದು ಬೇರೆಯೇ ಆದ ಒಂದು ವಿದ್ಯೆ. ಆ ವಿದ್ಯೆಯಲ್ಲಿ, ನಮ್ಮ ಸಂಸ್ಥೆಯ ಸಂಜೆ ತರಗತಿಗಳ ಹಿರಿಯ ಅಧ್ಯಾಪಕಿಯಾಗಿ ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಪೂರೈಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮೆಲ್ಲರ 'ಕಾಲುಗಂಟೆ ಮೇಡಂ' ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಎರಡು ವರ್ಷ ಅವರ ಶಿಷ್ಯೆಯಾಗಿ, ಹತ್ತು ವರ್ಷ ಸಹೋದ್ಯೋಗಿಯಾಗಿ ಅವರ ನೆರಳಿನಲ್ಲಿ ಬೆಳೆದ ನನಗೆ ಈ ಅಭಿನಂದನ ಗ್ರಂಥದಲ್ಲಿ ಎರಡು ಮಾತು ಬರೆಯುವ ಅವಕಾಶ ಸಿಕ್ಕಿರುವುದು ಭಾಗ್ಯವೇ ಸರಿ.

ಮೇಡಂ ಈ ಸಂಸ್ಥೆಗೆ ಬಂದದ್ದು ಬೆರಳಚ್ಚು ಶಿಕ್ಷಕಿಯಾಗಿ. ಆರು ವರ್ಷ ಟೈಪ್‌ರೈಟರುಗಳ ಸದ್ದಿನ ನಡುವೆ ಪಾಠ ಹೇಳಿದ ಅವರಿಗೆ, ಒಂದು ದಿನ ಆ ಯಂತ್ರಗಳೆಲ್ಲ ಗುಜರಿಯ ಪಾಲಾಗಿ ಅವುಗಳ ಜಾಗಕ್ಕೆ ಕಂಪ್ಯೂಟರುಗಳು ಬಂದಾಗ, ಕೆಲಸ ಬಿಡುವುದು ಅಥವಾ ಹೊಸದನ್ನು ಕಲಿಯುವುದು ಎಂಬ ಎರಡೇ ದಾರಿಗಳು ಉಳಿದವು. ಅವರು ಕಲಿತರು. "ಬೆರಳು ಪಳಗಿತ್ತಲ್ಲ, ತಪ್ಪನ್ನೂ ನಿಮಿಷಕ್ಕೆ ಅರವತ್ತು ಪದದ ವೇಗದಲ್ಲಿ ಮಾಡ್ತಿದ್ದೆ" ಎಂದು ಆ ದಿನಗಳನ್ನು ನೆನೆದು ಈಗಲೂ ನಗುತ್ತಾರೆ. ಹಾಗೆ ಕಲಿತ ಆ ಮೊದಲ ಭಾಷೆಯನ್ನು ಹದಿನೈದು ವರ್ಷ ಕಲಿಸಿದರು. ಅದರ ಪ್ರತಿಯೊಂದು ಅರ್ಧವಿರಾಮವೂ ಅವರಿಗೆ ಕರತಲಾಮಲಕವಾಗಿತ್ತು. ಸರಿಯಾಗಿ ಅದೇ ಹೊತ್ತಿಗೆ ಪಠ್ಯಕ್ರಮ ಬದಲಾಗಿ ಹಳೆಯ ಭಾಷೆ ಹೋಯಿತು, ಹೊಸದು ಬಂತು. ಆಗ ಅವರ ವಯಸ್ಸು ನಲವತ್ತೇಳು. ನಾನು ವಿದ್ಯಾರ್ಥಿನಿಯಾಗಿ ಸೇರಿದ್ದೂ ಅದೇ ವರ್ಷ.

ಮೊದಲ ದಿನದ ತರಗತಿ ಕಣ್ಣಿಗೆ ಕಟ್ಟಿದಂತಿದೆ. ಇಪ್ಪತ್ತಮೂರು ಜನ ವಿದ್ಯಾರ್ಥಿಗಳು, ಹನ್ನೆರಡು ಕಂಪ್ಯೂಟರುಗಳು, ಗಿರಗಿರನೆ ಸದ್ದು ಮಾಡುವ ಒಂದು ಫ್ಯಾನು. ಹತ್ತಿಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದ ಮೇಡಂ, ಹಾಜರಿ ಕರೆದಾದ ಮೇಲೆ ಹೇಳಿದರು: "ಈ ಭಾಷೆ ನನಗೂ ಹೊಸದು. ನಿಮಗಿಂತ ಹನ್ನೊಂದು ದಿನ ಮುಂದಿದೀನಿ, ಅಷ್ಟೇ. ನಡುವೆ ಯಾರಾದ್ರೂ ನನ್ನನ್ನ ಹಿಂದೆ ಹಾಕಿದ್ರೆ ಹೇಳಿ, ಜಾಗ ಬದಲಾಯಿಸ್ಕೊಳ್ಳೋಣ."

ನಮ್ಮ ಜೊತೆಗಿದ್ದ ಲಿಫ್ಟ್ ಮೆಕ್ಯಾನಿಕ್ ಗಾಬರಿಯಾಗಿ ಎದ್ದು ನಿಂತ. "ಹಾಗಾದ್ರೆ ತಪ್ಪಾದ್ರೆ ಯಾರನ್ನ ಕೇಳೋದು ಮೇಡಂ?"

"ಮೆಷೀನನ್ನೇ ಕೇಳಪ್ಪ. ಬೈಯುತ್ತೆ. ಆದ್ರೆ ಯಾವ ಸಾಲಲ್ಲಿ ತಪ್ಪು ಅಂತ ಹೇಳಿ ಬೈಯುತ್ತೆ. ನಮ್ಮ ಮನೆಯವರು ಅದನ್ನೂ ಹೇಳೋಲ್ಲ."

ತರಗತಿಯೆಲ್ಲ ನಕ್ಕಿತು. ಆದರೆ ಹದಿನೈದು ವರ್ಷ ಬಲ್ಲವರೆನಿಸಿಕೊಂಡು ಬಾಳಿದವರು, ತಮ್ಮ ಮಕ್ಕಳ ವಯಸ್ಸಿನವರ ಮುಂದೆ ನಿಂತು ನನಗೂ ಬಾರದು ಎಂದು ಹೇಳುವುದಕ್ಕೆ ಎಂಥ ಎದೆ ಬೇಕೆಂಬುದು, ನಾನೇ ಪಾಠ ಮಾಡತೊಡಗಿದ ಮೇಲೆ ತಿಳಿಯಿತು.

ಆಗ ನಾನು ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ತಂತ್ರಜ್ಞೆಯಾಗಿದ್ದೆ. ಬೆಳಿಗ್ಗೆ ಆರೂವರೆಗೆ ಕೆಲಸ ಶುರು, ಮಧ್ಯಾಹ್ನ ಎರಡೂವರೆಗೆ ಬಿಡುವು. ನನ್ನವರು ದೂರದೂರಿಗೆ ಬಸ್ ಓಡಿಸುವವರು. ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಅತ್ತೆ ಇದ್ದರು. ಮಗುವನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು, ಜೊತೆಗೆ ನನ್ನ ಓದನ್ನು ಅಷ್ಟೇ ಅಕ್ಕರೆಯಿಂದ ಆಡಿಕೊಳ್ಳುತ್ತಿದ್ದರು. "ಇರೋ ಮನುಷ್ಯರ ಹತ್ರಾನೇ ನೆಟ್ಟಗೆ ಮಾತಾಡೋಕೆ ಪುರುಸೊತ್ತಿಲ್ಲ ನಿಂಗೆ, ಇನ್ನು ಮೆಷೀನಿನ ಹತ್ರ ಬೇರೆ ಮಾತು ಕಲೀತೀಯಾ?" ಎಂದು ಕೇಳುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ಐದು ತರಗತಿಗಳು ತಪ್ಪಿದ್ದವು. ಪುಸ್ತಕ ತೆರೆದರೆ ಅಕ್ಷರಗಳು ಇರುವೆಗಳಂತೆ ಹರಿದಾಡುತ್ತಿದ್ದವು. ಹೊಸ ಭಾಷೆಯಲ್ಲಿ ಸಾಲಿನ ಎಡಗಡೆ ಬಿಡುವ ಖಾಲಿ ಜಾಗಕ್ಕೂ ಅರ್ಥವುಂಟು. ಒಂದು ಸಾಲು ಒಂದೇ ಒಂದು ಚುಕ್ಕಿಯಷ್ಟು ಒಳಗೆ ಸರಿದರೂ ಮೆಷೀನು ಒಪ್ಪದು. ಒಂದು ಸಂಜೆ ನಲವತ್ತು ನಿಮಿಷ ತಡಕಾಡಿದರೂ ಆ ಚುಕ್ಕಿ ನನಗೆ ಸಿಗಲಿಲ್ಲ. ಮರುದಿನ, ಕೋರ್ಸನ್ನು ಬಿಡುತ್ತಿದ್ದೇನೆಂದು ಪತ್ರ ಬರೆದು ಅಧ್ಯಾಪಕರ ಕೋಣೆಗೆ ಹೋದೆ.

ಮೇಡಂ ಪತ್ರವನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಹಿ ಮಾಡಲಿಲ್ಲ.

"ದಿನದಲ್ಲಿ ನಿನ್ನ ಕೈ ಖಾಲಿ ಇರೋ ಹೊತ್ತು ಯಾವುದಮ್ಮಾ?"

"ಇಲ್ಲವೇ ಇಲ್ಲ ಮೇಡಂ."

"ಲ್ಯಾಬಲ್ಲಿ ರಕ್ತ ತೆಗೆದಾದ್ಮೇಲೆ ಏನ್ಮಾಡ್ತೀಯ?"

"ಟ್ಯೂಬುಗಳನ್ನ ತಿರುಗೋ ಮೆಷೀನಿಗೆ ಹಾಕ್ತೀನಿ. ಅದು ತಿರುಗಿ ತಿರುಗಿ ರಕ್ತದ ತಿಳಿ ಬೇರೆ ಆಗುತ್ತೆ."

"ಅದು ತಿರುಗ್ತಿರೋವಾಗ?"

"ನಿಂತ್ಕೊಂಡು ನೋಡ್ತಿರ್ತೀನಿ."

"ಎಷ್ಟು ಹೊತ್ತು?"

"ಒಂದು ಕಾಲುಗಂಟೆ."

"ಬೇಕಾದಷ್ಟಾಯ್ತಲ್ಲ!" ಎಂದ ಅವರು, ಡ್ರಾಯರಿನಿಂದ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟನ್ನೂ ಒಂದು ಪೆನ್ಸಿಲನ್ನೂ ತೆಗೆದು ನನ್ನ ಕೈಗಿತ್ತರು. "ಇದರ ಹಿಂದುಗಡೆ ಬರಿ. ದಿನಕ್ಕೆ ಐದೇ ಸಾಲು. ಬರೆದಾದ್ಮೇಲೆ ನೀನೇ ಮೆಷೀನು ಅಂದ್ಕೊಂಡು ಒಂದೊಂದೇ ಸಾಲು ಓದಿ, ಏನಾಗುತ್ತೆ ಅಂತ ಪಕ್ಕದಲ್ಲಿ ಗುರುತು ಹಾಕು. ಸಂಜೆ ಇಲ್ಲಿ ಬಂದು ಟೈಪ್ ಮಾಡಿ ನೋಡು. ನಾನೂ ಹಾಗೇ ಮಾಡೋದು. ಅತ್ತೆಯವರಿಗೆ ಗಂಜಿ ಆರೋ ತನಕ ನನಗೂ ಅಷ್ಟೇ ಹೊತ್ತು ಸಿಗೋದು." ಪಾರ್ಶ್ವವಾಯು ಬಡಿದು ಮಲಗಿದ್ದ ಅವರ ಅತ್ತೆಯ ಆರೈಕೆ ಪೂರ್ತಿ ಅವರದೇ ಎಂಬುದು ನನಗೆ ಗೊತ್ತಾದದ್ದು ಆಗ. ಪತ್ರವನ್ನು ಅಲ್ಲಿಯೇ ಬಿಟ್ಟು ಬಂದೆ. ಈ ಸಂಗತಿ ತರಗತಿಗೆ ಹಬ್ಬಿ ಅವರಿಗೆ 'ಕಾಲುಗಂಟೆ ಮೇಡಂ' ಎಂಬ ಹೆಸರು ಅಂಟಿತು. ಅದನ್ನವರು ಬಿರುದಿನಂತೆ ಹೊತ್ತುಕೊಂಡರು.

ಅಂದಿನಿಂದ ಮೆಷೀನು ತಿರುಗಲು ತೊಡಗಿದರೆ ನಾನು ಪೆನ್ಸಿಲು ಹಿಡಿಯುತ್ತಿದ್ದೆ. ಮೊದಲು ಹೆಸರು ಅಚ್ಚು ಮಾಡುವ ಎರಡು ಸಾಲು, ಆಮೇಲೆ ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ನಾಲ್ಕು ಸಾಲು, ಆಮೇಲೆ ಪಟ್ಟಿಯೊಂದನ್ನು ತುದಿಯಿಂದ ಬುಡದವರೆಗೆ ಓದುವ ಲೂಪು. ಕಾಗದದ ಮೇಲೆ ಸರಿಹೋದದ್ದು ಪರದೆಯ ಮೇಲೆ ತಪ್ಪಾಗುತ್ತಿತ್ತು. ಮೇಡಂ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಎಲ್ಲಿ, ಏನಂತ ಬೈತಾ ಇದೆ ಓದು" ಎನ್ನುತ್ತಿದ್ದರು. ಉತ್ತರವನ್ನು ಎಂದೂ ತಾವಾಗಿ ಹೇಳುತ್ತಿರಲಿಲ್ಲ. ಮೂರು ತಿಂಗಳಲ್ಲಿ ಬೈಗುಳದ ಭಯ ಹೋಯಿತು. ಭಯ ಹೋದ ಮೇಲೆ ಭಾಷೆ ಬಂತು.

ಭಾಷೆ ಬಂದ ಹುರುಪಿನಲ್ಲಿ ನಾನು ಲ್ಯಾಬಿಗೆಂದೇ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಒಂದೇ ಹೆಸರಿನ ಇಬ್ಬರು ಒಂದೇ ದಿನ ಪರೀಕ್ಷೆಗೆ ಬಂದರೆ ವರದಿಗಳು ಅದಲುಬದಲಾಗುವ ಅಪಾಯವಿತ್ತು. ಅದಕ್ಕಾಗಿ ನಾನು ರಿಜಿಸ್ಟರಿನ ಮೇಲೆ ಅಳತೆಪಟ್ಟಿಯಿಟ್ಟು ಹೆಸರುಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಆ ಕೆಲಸವನ್ನು ಈ ಇಪ್ಪತ್ತು ಸಾಲುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತಿದ್ದವು. ಹೆಸರುಗಳನ್ನು ಹೋಲಿಸಿದರೆ ಸಾಕೇ ಎಂದು ಕೇಳಿದಾಗ ಮೇಡಂ ನೋಡಿ, "ಸಾಕು" ಎಂದಿದ್ದರು. ಲ್ಯಾಬಿನ ಮುಖ್ಯಸ್ಥರೂ ಒಪ್ಪಿದರು. ಎರಡು ವಾರ ಎಲ್ಲವೂ ಹೂವೆತ್ತಿದಂತೆ ನಡೆಯಿತು. ನಾನು ಅಳತೆಪಟ್ಟಿಯನ್ನು ಮೂಲೆಗೆಸೆದೆ.

ಮೂರನೆಯ ವಾರ ಒಂದೇ ಹೆಸರಿನ ಇಬ್ಬರು ವೃದ್ಧೆಯರು ಬಂದರು. ನೋಂದಣಿ ಮಾಡುವವರ ಬೆರಳು ಒಂದು ಹೆಸರಿನ ಕೊನೆಯಲ್ಲಿ ಅರಿವಿಲ್ಲದೆ ಖಾಲಿ ಜಾಗವೊಂದನ್ನು ಒತ್ತಿತ್ತು. ನಮ್ಮ ಕಣ್ಣಿಗೆ ಕಾಣದ ಆ ಜಾಗ ಮೆಷೀನಿಗೆ ಒಂದು ಅಕ್ಷರವೇ. ಎರಡೂ ಬೇರೆ ಬೇರೆ ಹೆಸರೆಂದು ತಿಳಿದು ಅದು ಸುಮ್ಮನಿತ್ತು. ವರದಿಗಳು ಅದಲುಬದಲಾದವು. ಸಕ್ಕರೆ ಕಾಯಿಲೆಯೇ ಇಲ್ಲದವರ ವರದಿಯಲ್ಲಿ ಅಷ್ಟೊಂದು ಏರಿಕೆ ಕಂಡು ಅನುಮಾನಗೊಂಡ ವೈದ್ಯರು, ಔಷಧ ಕೊಡುವ ಮೊದಲು ಲ್ಯಾಬಿಗೆ ಫೋನು ಮಾಡಿದರು. ಆದರೆ ನಿಜಕ್ಕೂ ಸಕ್ಕರೆ ಏರಿದ್ದ ಇನ್ನೊಬ್ಬರು, ಎಲ್ಲ ಸರಿಯಿದೆಯೆಂಬ ಕಾಗದ ಹಿಡಿದು ಮನೆಗೆ ಹೋಗಿಬಿಟ್ಟಿದ್ದರು.

ವಿಳಾಸ ಹಿಡಿದು ಎರಡು ಬಸ್ಸು ಬದಲಾಯಿಸಿ ಅವರ ಮನೆ ಹುಡುಕಿದೆ. ಬಾಗಿಲು ತೆರೆದ ಅಜ್ಜಿಯ ಮುಂದೆ ನಡೆದದ್ದನ್ನೆಲ್ಲ ಹೇಳಿ ಕೈಮುಗಿದು ನಿಂತರೆ, ಆಕೆ "ನನ್ನ ಹೆಸರಿನವಳು ಇನ್ನೊಬ್ಬಳಿದಾಳಾ? ನೋಡ್ಬೇಕಲ್ಲ ಅವಳನ್ನ!" ಎಂದು ಚಪ್ಪಲಿ ಮೆಟ್ಟಿ ನನ್ನೊಡನೆ ಹೊರಟರು. ಅಂದೇ ಮರುಪರೀಕ್ಷೆಯಾಗಿ ಅವರಿಗೆ ಸಿಗಬೇಕಾದ ಚಿಕಿತ್ಸೆ ಸಿಕ್ಕಿತು. ನನಗೆ ಸಿಕ್ಕಿದ್ದು, ಕೆಲಸದಿಂದ ಏಕೆ ತೆಗೆಯಬಾರದೆಂದು ಕೇಳುವ ಮೆಮೊ.

ಸಂಜೆ ತರಗತಿಯಲ್ಲಿ ನನ್ನ ಮುಖ ನೋಡಿಯೇ ಮೇಡಂ ಕರೆದು ವಿಚಾರಿಸಿದರು. ಪೂರ್ತಿ ಕೇಳಿಸಿಕೊಂಡು ಲ್ಯಾಬಿನ ವಿಳಾಸ ಬರೆದುಕೊಂಡರು. ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಯಾರೂ ಕರೆಯದೆಯೇ, ಕೈಚೀಲ ಹಿಡಿದು ಲ್ಯಾಬಿಗೆ ಬಂದರು. ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದರು. ನಾನು ಹಿಂದೆಯೇ ಓಡಿದೆ.

"ನಾನು ಇವಳ ಟೀಚರು. ಹೆಸರು ಹೋಲಿಸಿದ್ರೆ ಸಾಕು ಅಂತ ಹೇಳಿಕೊಟ್ಟಿದ್ದು ನಾನು. ತಪ್ಪು ನನ್ನದು."

"ಇಲ್ಲ ಸರ್, ರಿಜಿಸ್ಟರ್ ನೋಡೋದು ಬಿಟ್ಟಿದ್ದು ನಾನು" ಎಂದೆ.

"ನೀನು ಸುಮ್ನಿರು. ನಿನ್ನ ಪಾಲಿನದು ಆಮೇಲೆ ಹೇಳ್ಕೋ" ಎಂದು ಮೇಡಂ ಗದರಿದರು.

ಮುಖ್ಯಸ್ಥರು ನಮ್ಮಿಬ್ಬರನ್ನೂ ದಿಟ್ಟಿಸಿದರು. ಸಿಡುಕರೆಂದೇ ಹೆಸರಾದ ಅವರ ತುಟಿಯಂಚಿನಲ್ಲಿ ನಗು ಸುಳಿದದ್ದನ್ನು ನಾನು ಕಂಡದ್ದು ಅದೇ ಮೊದಲು. "ಇಷ್ಟು ವರ್ಷ ಈ ಕೋಣೆಯೊಳಗೆ ತಪ್ಪು ನನ್ನದಲ್ಲ ಅಂತ ಜಗಳ ಆಡಿದವರನ್ನ ನೋಡಿದೀನಿ. ನನ್ನದು ನನ್ನದು ಅಂತ ಕಿತ್ತಾಡೋರನ್ನ ಇವತ್ತೇ ನೋಡ್ತಿರೋದು. ಈಗೇನ್ಮಾಡ್ಬೇಕು ಅಂತೀರಾ?"

"ಒಂದು ಸ್ಟೂಲು ಕೊಡಿ" ಎಂದರು ಮೇಡಂ.

ಆ ದಿನ ಹತ್ತು ಗಂಟೆಯವರೆಗೆ ಅವರು ನೋಂದಣಿ ಕೌಂಟರಿನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಬಂದವರೆಲ್ಲ ಹೆಸರು ಹೇಳುವ ಬಗೆಯನ್ನು ಬರೆದುಕೊಂಡರು. ಒಬ್ಬರು ಇನಿಷಿಯಲ್ ಮೊದಲು ಹೇಳಿದರು, ಒಬ್ಬರು ಕೊನೆಗೆ. ಒಬ್ಬರು ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿ, ಹೆಂಡತಿ ತಿವಿದ ಮೇಲೆ ತಿದ್ದಿದರು. "ಭಾಷೆ ಕಲಿತ್ವಿ ಕಣಮ್ಮಾ, ಜನ ಹೇಗೆ ಹೆಸರು ಹೇಳ್ತಾರೆ ಅನ್ನೋದನ್ನ ಕಲಿತಿರ್ಲಿಲ್ಲ" ಎಂದರು. ಆ ವಾರವಿಡೀ ಕೂತು ಇಬ್ಬರೂ ಪ್ರೋಗ್ರಾಂ ತಿದ್ದಿದೆವು. ಹೆಸರಿನ ಹಿಂದುಮುಂದಿನ ಖಾಲಿ ಜಾಗಗಳನ್ನು ಕಿತ್ತುಹಾಕಿದೆವು, ಟ್ಯೂಬಿನ ಸಂಖ್ಯೆಯನ್ನೂ ಹುಟ್ಟಿದ ದಿನಾಂಕವನ್ನೂ ಸೇರಿಸಿದೆವು. ಅಳತೆಪಟ್ಟಿಯೂ ರಿಜಿಸ್ಟರಿನ ಮೇಲೆ ಮರಳಿ ಬಂತು. ಅದು ಮೇಡಂ ಹಾಕಿದ ಷರತ್ತು. ಮೆಮೊ ಕಡತ ಸೇರಲಿಲ್ಲ. ಮುಂದಿನ ಸೋಮವಾರ ಮೇಡಂ ತರಗತಿಯಲ್ಲಿ ತಮ್ಮ ತಪ್ಪನ್ನು ಕಪ್ಪುಹಲಗೆಯ ಮೇಲೆ ಬರೆದು, ಅದನ್ನೇ ಆ ದಿನದ ಪಾಠ ಮಾಡಿದರು. ಲಿಫ್ಟ್ ಮೆಕ್ಯಾನಿಕ್ ಅದನ್ನು ಒಂದಕ್ಷರ ಬಿಡದೆ ಪುಸ್ತಕಕ್ಕೆ ಇಳಿಸಿಕೊಂಡ.

ಕೋರ್ಸು ಮುಗಿಸಿ ವರ್ಷ ಕಳೆಯುವುದರೊಳಗೆ ಅದೇ ಸಂಸ್ಥೆಯಲ್ಲಿ ಬೋಧಕಿಯಾಗಿ ಸೇರಿದೆ. ಅರ್ಜಿ ಹಾಕೆಂದು ಒತ್ತಾಯಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಅಚ್ಚರಿಯೆಂದರೆ, ಮನೆಯಲ್ಲಿ ಅವರ ಮಾತಿಗೆ ದನಿಗೂಡಿಸಿದವರು ನನ್ನ ಅತ್ತೆ. "ಆ ಮೇಡಮ್ಮು ಇದ್ದಲ್ಲಿಗೆ ಹೋಗು. ಬೈದ್ರೂ ಕಾರಣ ಹೇಳಿ ಬೈತಾಳೆ" ಎಂದರು. ಸಹೋದ್ಯೋಗಿಯಾಗಿ ಕಳೆದ ಈ ಹತ್ತು ವರ್ಷಗಳಲ್ಲಿ ಮೇಡಂ ತಮ್ಮ ಅತ್ತೆಯನ್ನು ಕಳೆದುಕೊಂಡರು, ಮಗಳ ಮದುವೆ ಮಾಡಿದರು, ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಆರು ವಾರ ಮಲಗಿದರು. ಆ ಆರು ವಾರವೂ ಅವರ ತರಗತಿಯ ನಾಲ್ಕು ಜನ ಸರದಿಯಂತೆ ಅವರ ಮನೆಗೆ ಹೋಗಿ ಪಾಠ ಹೇಳಿಸಿಕೊಂಡು ಬಂದರು. ಅವರ ಶಿಷ್ಯರಲ್ಲಿ ದೊಡ್ಡ ಹುದ್ದೆಗೇರಿದವರಿದ್ದಾರೆ. ತಮ್ಮ ಹೊಲಿಗೆ ಅಂಗಡಿಗೆ ತಾವೇ ಅಳತೆಗಳ ಪ್ರೋಗ್ರಾಂ ಬರೆದುಕೊಂಡ ದರ್ಜಿಯೂ ಇದ್ದಾರೆ. ಮೇಡಂ ಹೆಮ್ಮೆಯಿಂದ ಮೊದಲು ಹೇಳುವುದು ದರ್ಜಿಯ ಸುದ್ದಿಯನ್ನೇ.

ಈ ಲೇಖನ ಬರೆಯುತ್ತಿರುವ ವಾರ, ಬರುವ ಅವಧಿಗೆ ನಾನು ಕಲಿಸಲಿರುವ ಇನ್ನೊಂದು ಹೊಸ ಭಾಷೆಯ ಸಂಜೆ ತರಗತಿಗೆ ಬಂದ ಅರ್ಜಿಗಳನ್ನು ನೋಡುತ್ತಾ ಕೂತಿದ್ದೆ. ಹತ್ತೊಂಬತ್ತನೆಯ ಅರ್ಜಿಯಲ್ಲಿ ವಯಸ್ಸು ಅರವತ್ತು ಎಂದಿತ್ತು. ಉದ್ಯೋಗ ಎಂಬಲ್ಲಿ, ಅಚ್ಚು ಹಾಕಿದಂತಹ ದುಂಡಗಿನ ಅಕ್ಷರಗಳಲ್ಲಿ, 'ಮುಂದಿನ ತಿಂಗಳಿಂದ ವಿದ್ಯಾರ್ಥಿನಿ' ಎಂದು ಬರೆದಿತ್ತು. ಅದನ್ನು ಹಿಡಿದುಕೊಂಡು ಪಕ್ಕದ ಕೋಣೆಗೆ ಓಡಿದೆ. ಮೇಡಂ ತಮ್ಮ ಬೀರು ಖಾಲಿ ಮಾಡುತ್ತಿದ್ದರು.

"ಏನ್ಮೇಡಂ ಇದು? ನಿಮಗೆ ನಾನು ಪಾಠ ಮಾಡೋದಾ?"

"ಯಾಕೆ, ಸೀಟಿಲ್ವಾ?" ಎಂದರು, ತಲೆಯೆತ್ತದೆ.

ಸೀಟಿದೆ ಮೇಡಂ. ಕನ್ನಡಕದ ಗಾಜಿಗೆ ಮಬ್ಬು ಕವಿಯದಿರಲಿ, ಮೊಣಕಾಲಿಗೆ ನೋವು ಬಾರದಿರಲಿ, ಮನೆಯಲ್ಲಿ ಮೊಮ್ಮಕ್ಕಳ ಗದ್ದಲ ತುಂಬಿರಲಿ. ಇನ್ನೂ ಹುಟ್ಟದ ಭಾಷೆಗಳನ್ನೂ ಕಲಿಯುವಷ್ಟು ಆಯುಸ್ಸು ನಿಮಗೆ ದೊರೆಯಲಿ ಎಂದು ನಿಮ್ಮ ಶಿಷ್ಯಕೋಟಿಯ ಪರವಾಗಿ ಹಾರೈಸಿ, ನಿಮ್ಮ ಅರ್ಜಿಗೆ ಸಹಿ ಮಾಡುತ್ತಿದ್ದೇನೆ. ತರಗತಿ ಐದೂವರೆಗೆ.